ಹಳೆಯ ಹಾಡನ್ನು ಮತ್ತೆ ಮೂಲದ ಮುಂದಿಟ್ಟು ನೋಡುವ ಬಗೆ: ವಾದ್ಯಗೋಷ್ಠಿಗಳಿಗೊಂದು ಕೈಪಿಡಿ

ಶಿವಮೊಗ್ಗ ಸೀಮೆಯ ವಾದ್ಯಗೋಷ್ಠಿಗಳಿಗೆ ವರ್ಷದಲ್ಲಿ ತುಸು ಬಿಡುವು ಸಿಗುವುದು ಆಷಾಢದಲ್ಲಿ. ಆಗ ಮದುವೆಗಳಿರುವುದಿಲ್ಲ, ಬಯಲಿನಲ್ಲಿ ವೇದಿಕೆ ಕಟ್ಟುವುದಕ್ಕೆ ಮಳೆ ಬಿಡುವುದಿಲ್ಲ, ಗಣಪತಿ ಪೆಂಡಾಲಿನ ರಸಮಂಜರಿ ಕಾರ್ಯಕ್ರಮಗಳು ಶುರುವಾಗಲು ಇನ್ನೂ ಸಮಯವಿರುತ್ತದೆ. ಈ ಬಿಡುವನ್ನು ಹೆಚ್ಚಿನ ತಂಡಗಳು ಹೊಸ ಹಾಡುಗಳನ್ನು ಕಲಿಯುವುದಕ್ಕೆ ಬಳಸುತ್ತವೆ. ಅದರಲ್ಲಿ ಅರ್ಧದಷ್ಟನ್ನಾದರೂ ಹಳೆಯ ಹಾಡುಗಳ ಪರಿಶೀಲನೆಗೆ ಮೀಸಲಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಹಾಡನ್ನು ನಾವು ಮೂಲವನ್ನು ಕೇಳಿ ನುಡಿಸುತ್ತೇವೆ. ಹತ್ತಾರು ವೇದಿಕೆಗಳ ಮೇಲೆ ನುಡಿಸಿದ ಹಾಡನ್ನಾದರೋ ಕಳೆದ ಸಲ ನಾವೇ ನುಡಿಸಿದ್ದನ್ನು ನೆನೆದು ನುಡಿಸುತ್ತೇವೆ. ಹಾಗೆ ನೆನಪಿನಿಂದ ನೆನಪಿಗೆ ದಾಟುವಾಗ ಒಂದು ಸ್ವರ ಪಕ್ಕಕ್ಕೆ ಸರಿದರೂ, ಒಂದು ಮಾತ್ರೆ ಕಳೆದುಹೋದರೂ ಅದನ್ನು ಹೇಳುವವರು ಯಾರೂ ಇರುವುದಿಲ್ಲ.

ತಂಡದ ಎಲ್ಲರೂ ಒಂದೇ ತಪ್ಪನ್ನು ಒಟ್ಟಾಗಿ ಮಾಡುತ್ತಿದ್ದರೆ ಎಲ್ಲಿಯೂ ಅಪಸ್ವರ ಹುಟ್ಟುವುದಿಲ್ಲವಾದ್ದರಿಂದ, ತಪ್ಪು ವರ್ಷಗಟ್ಟಲೆ ಸುರಕ್ಷಿತವಾಗಿ ಉಳಿದುಬಿಡುತ್ತದೆ. ಹೊರಗಿನಿಂದ ಅತಿಥಿ ಗಾಯಕರೊಬ್ಬರು ಬಂದು ಹಾಡಿದಾಗಲೋ, ಕರೋಕೆ ಟ್ರ್ಯಾಕಿನೊಂದಿಗೆ ಹಾಡಬೇಕಾದಾಗಲೋ ಅದು ಥಟ್ಟನೆ ಹೊರಬೀಳುತ್ತದೆ, ಅದೂ ಸಾವಿರಾರು ಜನರ ಮುಂದೆ. ಅಭ್ಯಾಸದ ಕೋಣೆಯಲ್ಲಿಯೇ ಅದನ್ನು ಹೇಗೆ ಹಿಡಿಯಬಹುದು, ಹಿಡಿದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನಿಮ್ಮದನ್ನು ಧ್ವನಿಮುದ್ರಿಸಿಕೊಳ್ಳಿ

ತಪ್ಪಿದೆಯೆಂಬ ಅನುಮಾನ ಬಂದ ಕೂಡಲೇ ಎಲ್ಲರೂ ಮೊಬೈಲಿನಲ್ಲಿ ಮೂಲ ಹಾಡನ್ನು ಹಾಕಿ ಕೇಳುತ್ತಾರೆ. ಹಾಗೆ ಮಾಡಬೇಡಿ. ಮೂಲವನ್ನು ಕೇಳಿದ ಕ್ಷಣದಿಂದ ನಮ್ಮ ಕಿವಿ ಮತ್ತು ಬೆರಳುಗಳು ತಮ್ಮಷ್ಟಕ್ಕೆ ಒಂದಿಷ್ಟು ತಿದ್ದಿಕೊಳ್ಳುತ್ತವೆ. ಎಲ್ಲಿ ತಪ್ಪಿತ್ತು ಎಂಬುದು ತಿಳಿಯದೆಯೇ ಆ ಜಾಗ ಅಂದಿನ ಮಟ್ಟಿಗೆ ಸರಿಯಾಗಿ, ಮುಂದಿನ ವಾರ ಹಳೆಯ ರೂಪಕ್ಕೇ ಮರಳುತ್ತದೆ. ಆದ್ದರಿಂದ ಇಡೀ ಹಾಡನ್ನು ಎಂದಿನಂತೆ ಒಮ್ಮೆ ನುಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕೀಬೋರ್ಡ್ ಅಥವಾ ಹಾರ್ಮೋನಿಯಂ ನುಡಿಸುವವರು ಪಲ್ಲವಿ ಮತ್ತು ಚರಣಗಳ ಸ್ವರಗಳನ್ನು, ಗಿಟಾರ್ ನುಡಿಸುವವರು ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಾದ ಕಾರ್ಡ್‌ಗಳನ್ನು, ತಬಲಾ ಅಥವಾ ರಿದಂ ಪ್ಯಾಡ್ ನುಡಿಸುವವರು ನಡುವಿನ ಬಿಜಿಎಂ (ಮಾತಿಲ್ಲದ ವಾದ್ಯಭಾಗ) ಎಷ್ಟು ಆವರ್ತನ, ಅಂದರೆ ತಾಳದ ಎಷ್ಟು ಸುತ್ತು, ಎಂಬುದನ್ನು ನೆನಪಿನಿಂದಲೇ ಒಂದು ಹಾಳೆಯಲ್ಲಿ ಬರೆದಿಡಲಿ. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಬಾರದು. ಎಷ್ಟೋ ಸಲ ಮೂಲವನ್ನು ಕೇಳುವ ಮುನ್ನವೇ, ಈ ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಮೊದಲ ಭಿನ್ನಾಭಿಪ್ರಾಯ ಕಾಣಿಸುತ್ತದೆ.

ಮೂಲ ಯಾವುದೆಂದು ನಿರ್ಧರಿಸಿ

ಈ ಹೆಜ್ಜೆಯನ್ನು ಯಾರೂ ಮಹತ್ವದ್ದೆಂದು ಭಾವಿಸುವುದಿಲ್ಲ. ಆದರೆ ಅರ್ಧದಷ್ಟು ಗೊಂದಲ ಹುಟ್ಟುವುದು ಇಲ್ಲಿಯೇ. ಚಿತ್ರಗೀತೆಯಾದರೆ ಚಿತ್ರದಲ್ಲಿ ಬಂದ ರೂಪವೂ ಧ್ವನಿಮುದ್ರಿಕೆಯಲ್ಲಿ ಬಂದ ರೂಪವೂ ಬೇರೆಯಾಗಿರಬಹುದು; ತೆರೆಯ ಮೇಲೆ ಒಂದು ಚರಣವನ್ನೇ ಬಿಟ್ಟಿರುವುದುಂಟು, ಬಿಜಿಎಂ ಕತ್ತರಿಸಿರುವುದುಂಟು. ಭಾವಗೀತೆಯ ವಿಷಯ ಇನ್ನೂ ಸೂಕ್ಷ್ಮ. ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದಿತು. ಜೋಗ ಮತ್ತು ತುಂಗೆಯ ಹೆಸರಿರುವ ಅದರ ಶೀರ್ಷಿಕೆ ಗೀತೆಯನ್ನು ಹಾಡದ ರಾಜ್ಯೋತ್ಸವ ನಮ್ಮ ಜಿಲ್ಲೆಯಲ್ಲಿ ಅಪರೂಪ. ಆದರೆ ಅದನ್ನು ಕಲಿಯುವ ಇಂದಿನ ಹುಡುಗರು ಆ ಧ್ವನಿಸುರುಳಿಯಿಂದ ಕಲಿಯುವುದು ಕಡಿಮೆ; ಯಾವುದೋ ಸಮಾರಂಭದ ಸಮೂಹಗಾನದ ವಿಡಿಯೊದಿಂದ, ಅದೂ ಇನ್ನೊಂದು ಸಮೂಹಗಾನವನ್ನು ಕೇಳಿ ಕಲಿತವರಿಂದ ಕಲಿಯುತ್ತಾರೆ. ಸಂಯೋಜಕರ ಉಸ್ತುವಾರಿಯಲ್ಲಿ ಮೊದಲು ಹೊರಬಂದ ಧ್ವನಿಮುದ್ರಣ ಸಿಗುವುದಾದರೆ ಅದನ್ನೇ ಮೂಲವೆಂದು ಇಟ್ಟುಕೊಳ್ಳಬೇಕು. ಉಳಿದವು ಎಷ್ಟೇ ಇಂಪಾಗಿದ್ದರೂ ಅವನ್ನು ಬೇರೆಯವರು ಮತ್ತೆ ಹಾಡಿದ ಕವರ್ ಎಂದೇ ತಿಳಿಯಬೇಕು.

ಒಂದೇ ಕವಿತೆಗೆ ಎರಡು ಧಾಟಿಗಳಿದ್ದಾಗ ಯಾವುದೂ ತಪ್ಪಲ್ಲ, ಆದರೆ ಸಂದರ್ಭಕ್ಕೆ ಒಪ್ಪುವುದು ಒಂದೇ ಇರಬಹುದು. ಕುವೆಂಪು ಅವರ ನಾಡಗೀತೆಯೇ ಇದಕ್ಕೆ ಸಾಕ್ಷಿ. ಅದನ್ನು 2004ರಲ್ಲಿ ಅಧಿಕೃತ ನಾಡಗೀತೆಯೆಂದು ಸ್ವೀಕರಿಸಿದ ಮೇಲೂ ಮೈಸೂರು ಅನಂತಸ್ವಾಮಿಯವರ ಧಾಟಿ, ಸಿ. ಅಶ್ವತ್ಥ್ ಅವರ ಧಾಟಿ ಎರಡೂ ಬಳಕೆಯಲ್ಲಿದ್ದವು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯಲ್ಲಿ, ಪೂರ್ಣಪಾಠವನ್ನು, ಆಲಾಪ ಮತ್ತು ಪುನರಾವರ್ತನೆಯಿಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿತು. ಆದ್ದರಿಂದ ಸರ್ಕಾರಿ ಅಥವಾ ಶಾಲಾ ಸಮಾರಂಭದಲ್ಲಿ ಹಾಡುವ ತಂಡವು ಸಾಲುಗಳನ್ನು ಎರಡೆರಡು ಬಾರಿ ಹಾಡುವ ಹಳೆಯ ರೂಢಿಯನ್ನು ಗಡಿಯಾರ ಹಿಡಿದು ತಿದ್ದಿಕೊಳ್ಳಬೇಕಾಗುತ್ತದೆ.

ಶ್ರುತಿಯನ್ನು ನಂಬುವ ಮುನ್ನ ವೇಗವನ್ನು ಪರೀಕ್ಷಿಸಿ

ಹಳೆಯ ಧ್ವನಿಮುದ್ರಣ ನಿಮ್ಮ ಕೀಬೋರ್ಡಿನ ಯಾವ ಮನೆಗೂ (ಕೀಲಿಗೂ) ಸರಿಯಾಗಿ ಕೂಡದೆ ಎರಡು ಮನೆಗಳ ನಡುವೆ ನಿಂತಂತೆ ಕೇಳಿಸಿದರೆ, ಗಾಯಕರನ್ನೋ ನಿಮ್ಮ ಕಿವಿಯನ್ನೋ ದೂರುವ ಮುನ್ನ ವೇಗವನ್ನು ಶಂಕಿಸಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಬೆಲ್ಟು ಸಡಿಲವಾದ ಅಥವಾ ಮೋಟಾರಿನ ವೇಗ ಸರಿಯಿಲ್ಲದ ಯಂತ್ರದಲ್ಲಿ ಅದು ನಿಧಾನವಾಗಿಯೋ ವೇಗವಾಗಿಯೋ ಓಡುತ್ತದೆ, ಅಂಥ ಯಂತ್ರದಿಂದಲೇ ಕಂಪ್ಯೂಟರಿಗೆ ಇಳಿಸಿಕೊಂಡ ಹಾಡು ಶಾಶ್ವತವಾಗಿ ಆ ದೋಷವನ್ನು ಹೊತ್ತುಕೊಂಡಿರುತ್ತದೆ. ವೇಗವು ಶೇಕಡಾ ಆರರಷ್ಟು ಹೆಚ್ಚಾದರೆ ಶ್ರುತಿ ಒಂದು ಮನೆ ಮೇಲೇರುತ್ತದೆ. ಅಂದರೆ ನಾಲ್ಕನೆಯ ಬಿಳಿ ಮನೆಯನ್ನು (ಬಿಳಿ 4) ಷಡ್ಜವಾಗಿಟ್ಟು ಹಾಡಿದ್ದು ಅದರ ಪಕ್ಕದ ಮೂರನೆಯ ಕರಿ ಮನೆಯಲ್ಲಿ (ಕರಿ 3) ಹಾಡಿದಂತೆ ಕೇಳಿಸುತ್ತದೆ, ಹಾಡಿನ ನಡೆಯೂ ಅಷ್ಟೇ ಚುರುಕಾಗುತ್ತದೆ. ಇಂಟರ್ನೆಟ್ಟಿನಲ್ಲಿರುವ ಕೆಲವು ಪ್ರತಿಗಳ ಶ್ರುತಿಯನ್ನು, ಹಕ್ಕುಸ್ವಾಮ್ಯದ ತಪಾಸಣೆಯಿಂದ ತಪ್ಪಿಸಿಕೊಳ್ಳಲೆಂದು ಬೇಕೆಂದೇ ಏರಿಸಿರುವುದೂ ಉಂಟು. ಆದುದರಿಂದ ಒಂದೇ ಹಾಡಿನ ಎರಡು ಮೂರು ಪ್ರತಿಗಳನ್ನು, ಸಾಧ್ಯವಾದರೆ ಧ್ವನಿಮುದ್ರಣ ಸಂಸ್ಥೆಯೇ ಬಿಡುಗಡೆ ಮಾಡಿದ ಪ್ರತಿಯನ್ನು ಇಟ್ಟುಕೊಂಡು ಹೋಲಿಸಿ.

ನಮ್ಮ ಕಡೆಯ ವಾದ್ಯಗಳನ್ನೂ ನಂಬುವಂತಿಲ್ಲ. ಮಲೆನಾಡಿನ ಮಳೆಗಾಲದ ತೇವಕ್ಕೆ ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಗಿಟಾರಿನ ಮರ ಉಬ್ಬಿ ತಂತಿಯ ಎತ್ತರ ಬದಲಾಗುತ್ತದೆ, ಹಳೆಯ ಹಾರ್ಮೋನಿಯಂಗಳ ಸ್ವರಗಳು ಇಂದಿನ ಕೀಬೋರ್ಡುಗಳ ಶ್ರುತಿಯ ಅಳತೆಯಾದ 440 ಹರ್ಟ್ಸ್ ಲೆಕ್ಕಕ್ಕೆ ಸರಿಹೊಂದದೆ ಇರಬಹುದು. ಟ್ಯೂನರ್ ಆ್ಯಪ್ ಒಂದನ್ನು ಇಟ್ಟುಕೊಂಡು ಮೊದಲು ಆಧಾರ ವಾದ್ಯವನ್ನು ಪರೀಕ್ಷಿಸಿದರೆ, ಇಲ್ಲದ ತಪ್ಪನ್ನು ಹುಡುಕುತ್ತ ಒಂದು ಸಂಜೆ ಕಳೆಯುವುದು ತಪ್ಪುತ್ತದೆ.

ಕೇಳುವ ಕ್ರಮ

ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಯಾವ ತೀರ್ಮಾನಕ್ಕೂ ಬರಬಾರದು. ಅಷ್ಟು ಚಿಕ್ಕ ಸ್ಪೀಕರಿನಿಂದ ತಗ್ಗಿನ ಸ್ವರಗಳು ಹೊರಡುವುದೇ ಇಲ್ಲ. ಬೇಸ್ ಗಿಟಾರಿನ ಸ್ವರ ಕೇಳಿಸದಿದ್ದರೆ ಕಾರ್ಡ್ ಯಾವುದೆಂದು ಊಹಿಸಬೇಕಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮೊದಲು ಎರಡೂ ಕಿವಿಗಳಲ್ಲಿ, ಆಮೇಲೆ ಎಡ ಮತ್ತು ಬಲವನ್ನು ಬೇರೆಬೇರೆಯಾಗಿ ಕೇಳಿ. ಸ್ಟೀರಿಯೊ ಧ್ವನಿಮುದ್ರಣಗಳಲ್ಲಿ ಕೆಲವು ವಾದ್ಯಗಳನ್ನು ಒಂದು ಪಕ್ಕದಲ್ಲಷ್ಟೇ ಇಟ್ಟಿರುತ್ತಾರಾದ್ದರಿಂದ, ಇಡಿಯಾಗಿ ಕೇಳುವಾಗ ಮುಚ್ಚಿಹೋಗಿದ್ದ ವೀಣೆಯ ಎಳೆಯೋ ಗಿಟಾರಿನ ಬೀಟೋ ಆಗ ಸ್ಪಷ್ಟವಾಗುತ್ತದೆ. ಕಷ್ಟದ ಜಾಗಗಳಿಗೆ ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೋ 0.5ಕ್ಕೋ ಇಳಿಸಬಹುದು, ಶ್ರುತಿ ಬದಲಾಗುವುದಿಲ್ಲ. ಆಡಾಸಿಟಿ ತಂತ್ರಾಂಶ ಬಳಸುವವರು ‘ಚೇಂಜ್ ಟೆಂಪೊ’ ಎಂಬುದನ್ನು ಆರಿಸಬೇಕೇ ಹೊರತು ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ (ಹಳೆಯ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್’) ಎಂಬುದನ್ನಲ್ಲ.

ಕೇಳಿದ್ದನ್ನು ವಾದ್ಯದಲ್ಲಿ ಹುಡುಕುವ ಮುನ್ನ ಬಾಯಲ್ಲಿ ಹಾಡಿ. ವಾದ್ಯದ ಮೇಲೆ ಕೈಯಿಟ್ಟ ಕೂಡಲೇ ಬೆರಳುಗಳು ಹಳೆಯ ಜಾಡಿಗೆ ಇಳಿಯುತ್ತವೆ; ಕಂಠಕ್ಕೆ ಅಷ್ಟು ಗಟ್ಟಿಯಾದ ಅಭ್ಯಾಸವಿರುವುದಿಲ್ಲ. ಹಾಡುಗಾರರಲ್ಲದವರೂ ಇದನ್ನು ಮಾಡಬೇಕು. ಸಂಕೋಚಪಡಬೇಕಾದ ಕಾರಣವಿಲ್ಲ.

ತಪ್ಪುಗಳು ಸಾಮಾನ್ಯವಾಗಿ ಅಡಗಿರುವ ಜಾಗಗಳು

ಪಲ್ಲವಿಯಲ್ಲಿ ತಪ್ಪು ಸಿಗುವುದು ಅಪರೂಪ. ಎಲ್ಲರೂ ಅದನ್ನು ಚೆನ್ನಾಗಿ ಕೇಳಿರುತ್ತಾರೆ. ಎರಡನೆಯ ಚರಣವನ್ನು ಮೊದಲು ನೋಡಿ. ಮೊದಲ ಚರಣವನ್ನು ಶ್ರದ್ಧೆಯಿಂದ ಕಲಿತು, ಎರಡನೆಯದೂ ಹಾಗೆಯೇ ಇರುತ್ತದೆಂದು ಊಹಿಸಿಕೊಂಡು ನುಡಿಸುವುದು ಎಲ್ಲ ತಂಡಗಳಲ್ಲಿಯೂ ಇರುವ ರೂಢಿ. ಸಂಯೋಜಕರು ಮಾತಿನ ಭಾವಕ್ಕೆ ತಕ್ಕಂತೆ ಎರಡನೆಯ ಚರಣದ ಮೂರನೆಯ ಸಾಲನ್ನು ತಾರಷಡ್ಜಕ್ಕೆ (ಮೇಲಿನ ಸಾ ಸ್ವರಕ್ಕೆ) ಏರಿಸಿರಬಹುದು, ಕೊನೆಯ ಪದವನ್ನು ಒಂದು ಆವರ್ತನ ಹೆಚ್ಚು ಎಳೆದಿರಬಹುದು. ಅವರು ಆ ಚರಣಕ್ಕೆಂದೇ ಮಾಡಿದ ಕೆಲಸವೆಲ್ಲ ನಮ್ಮ ಊಹೆಯಿಂದ ಅಳಿಸಿಹೋಗುತ್ತದೆ. ಎರಡನೆಯ ಬಿಜಿಎಂ ಕೂಡ ಹೀಗೆಯೇ ಮೊದಲನೆಯದರ ನಕಲಾಗಿಬಿಡುತ್ತದೆ. ಚರಣ ಮುಗಿದು ಪಲ್ಲವಿಗೆ ಮರಳುವ ಕೊಂಡಿಯೂ ಇಂಥದೇ ದುರ್ಬಲ ಜಾಗ.

ಲಯದ ತಪ್ಪುಗಳಲ್ಲಿ ಎತ್ತುಗಡೆಯದೇ, ಅಂದರೆ ಹಾಡು ತಾಳದ ಯಾವ ಎಣಿಕೆಯಲ್ಲಿ ಶುರುವಾಗುತ್ತದೆ ಎಂಬುದರದೇ, ದೊಡ್ಡದು. ಮಾತು ತಾಳದ ಸಮದಿಂದಲೇ, ಅಂದರೆ ಆವರ್ತನದ ಮೊದಲ ಎಣಿಕೆಯಿಂದಲೇ, ಎತ್ತಿಕೊಳ್ಳಬೇಕೆಂದಿಲ್ಲ. ಸಮ ಬಿದ್ದು ಅರ್ಧ ಎಣಿಕೆಯಾದ ಮೇಲೆ ಎತ್ತಿಕೊಳ್ಳುವ ಹಾಡುಗಳೂ ಸಮಕ್ಕಿಂತ ಮುಂಚೆಯೇ ಎತ್ತಿಕೊಳ್ಳುವ ಹಾಡುಗಳೂ ಬಹಳ. ಮೊದಲ ಅಕ್ಷರವನ್ನೇ ಸಮವೆಂದು ತಬಲಾ ನುಡಿಸುವವರು ಹಿಡಿದುಬಿಟ್ಟರೆ ಇಡೀ ಪಲ್ಲವಿ ತಿರುವುಮುರುವಾಗಿ ಸಾಗಿ, ಬಿಜಿಎಂ ಬಂದಾಗ ಅರ್ಧ ಎಣಿಕೆಯನ್ನು ಎಲ್ಲಿಯೋ ನುಂಗಬೇಕಾಗುತ್ತದೆ. ಇದನ್ನು ಪತ್ತೆಹಚ್ಚಲು ಒಂದು ಸುಲಭ ಗುರುತಿದೆ: ಹಾಡಿನ ಒಂದು ನಿರ್ದಿಷ್ಟ ಜಾಗದಲ್ಲಿ ನಿಮ್ಮ ತಂಡ ಪ್ರತಿ ಸಲವೂ ಒಬ್ಬರನ್ನೊಬ್ಬರು ನೋಡಿಕೊಂಡು, ಕಣ್ಸನ್ನೆಯಲ್ಲಿಯೇ ಹೊಂದಿಸಿಕೊಳ್ಳುತ್ತಿದ್ದರೆ, ತಪ್ಪಿರುವುದು ಆ ಜಾಗದಲ್ಲಲ್ಲ, ಹಾಡು ಆರಂಭವಾದಲ್ಲಿಯೇ. ಮೂಲದ ಬೇಸ್ ಮತ್ತು ತಬಲಾವನ್ನಷ್ಟೇ ಕೇಳುತ್ತ, ಮಾತನ್ನು ಮರೆತು, ಬಿಜಿಎಂನಿಂದ ಹಿಂದಕ್ಕೆ ತಾಳ ಹಾಕಿಕೊಂಡು ಬಂದರೆ ನಿಜವಾದ ಸಮ ಸಿಗುತ್ತದೆ.

ಆರು ಎಣಿಕೆಯ ದಾದ್ರಾವೋ ಎಂಟು ಎಣಿಕೆಯ ಕೆಹರವಾವೋ ಎಂಬ ಅನುಮಾನ ಭಾವಗೀತೆಗಳಲ್ಲಿ ಬಂದರೆ ಕವಿತೆಯ ಛಂದಸ್ಸನ್ನು ಕೇಳಬಹುದು. ಸಾಲನ್ನು ರಾಗವಿಲ್ಲದೆ ಗಟ್ಟಿಯಾಗಿ ಓದಿ ಗುರು ಲಘು ಹಾಕಿದರೆ ಅದು ಉತ್ಸಾಹ ರಗಳೆಯಂತೆ ಮೂರು ಮಾತ್ರೆಯ ಗಣಗಳಲ್ಲಿ ನಡೆಯುತ್ತದೆಯೋ, ಮಂದಾನಿಲದಂತೆ ನಾಲ್ಕರಲ್ಲಿಯೋ, ಲಲಿತದಂತೆ ಐದರಲ್ಲಿಯೋ ಎಂಬುದು ತಿಳಿಯುತ್ತದೆ. ಮೂರರ ನಡೆಯ ಕವಿತೆಯನ್ನು ನಾಲ್ಕರ ಬೀಟಿಗೆ ಕೂರಿಸಲು ಪ್ಯಾಡಿನಲ್ಲಿ ಸಿದ್ಧವಿದ್ದ ಲೂಪೇ (ತಾನಾಗಿಯೇ ಮರುಕಳಿಸುವ ತಾಳದ ತುಣುಕೇ) ಕಾರಣವಾಗಿರುವುದನ್ನು ನಾನು ಹಲವು ತಂಡಗಳಲ್ಲಿ ಕಂಡಿದ್ದೇನೆ. ಸಂಯೋಜಕರು ಸ್ವರ ಎಳೆದು ಗಣದ ಅಳತೆಯನ್ನು ಬದಲಿಸುವ ಸ್ವಾತಂತ್ರ್ಯ ಪಡೆದಿರಬಹುದಾದ್ದರಿಂದ ಛಂದಸ್ಸನ್ನು ಸುಳಿವಾಗಿ ಬಳಸಿ, ಕೊನೆಯ ತೀರ್ಪನ್ನು ಧ್ವನಿಮುದ್ರಣಕ್ಕೇ ಬಿಡಿ.

ಸ್ವರಗಳ ವಿಷಯದಲ್ಲಿ, ಕಲಿತ ರಾಗ ನಮ್ಮನ್ನು ತನ್ನ ಕಡೆಗೆ ಎಳೆಯುತ್ತದೆ. ಶುದ್ಧ ಧನ್ಯಾಸಿಗೂ ಮಧ್ಯಮಾವತಿಗೂ ಇರುವ ಸ್ವರಭೇದ ಒಂದೇ: ಮೊದಲನೆಯದರಲ್ಲಿ ಸಾಧಾರಣ ಗಾಂಧಾರ ಬರುವಲ್ಲಿ ಎರಡನೆಯದರಲ್ಲಿ ಚತುಶ್ರುತಿ ರಿಷಭ ಬರುತ್ತದೆ. ವೇಗದ ಸಾಲಿನಲ್ಲಿ ಇವು ಅದಲುಬದಲಾದರೆ ಕೇಳುಗರಿಗೆ ಏನೋ ಸಪ್ಪೆಯೆನಿಸುತ್ತದೆಯೇ ಹೊರತು ತಪ್ಪೆಂದು ಹೊಳೆಯುವುದಿಲ್ಲ. ಶಾಸ್ತ್ರೀಯ ಅಭ್ಯಾಸವಿರುವವರು ಇನ್ನೊಂದು ಬಗೆಯ ತಪ್ಪನ್ನೂ ಮಾಡುತ್ತಾರೆ. ಚಿತ್ರಗೀತೆಯ ಸಂಯೋಜಕರು ಬೇಕೆಂದೇ ಇಟ್ಟ ಅನ್ಯಸ್ವರವನ್ನು ರಾಗಕ್ಕೆ ಸಲ್ಲದೆಂದು ಬಿಟ್ಟುಬಿಡುತ್ತಾರೆ. ಆ ಒಂದು ಸ್ವರದಲ್ಲಿಯೇ ಹಾಡಿನ ಜೀವವಿರುವುದುಂಟು, ಅದನ್ನು ತೆಗೆಯುವ ಅಧಿಕಾರ ನಮಗಿಲ್ಲ.

ಕಾರ್ಡ್‌ಗಳಲ್ಲಿ ಮೇಜರಿಗೂ ಅದರ ಸಂಬಂಧಿ ಮೈನರಿಗೂ ಆಗುವ ಅದಲುಬದಲೇ ಹೆಚ್ಚು. ಷಡ್ಜ, ಅಂತರ ಗಾಂಧಾರ, ಪಂಚಮಗಳ ಕಾರ್ಡಿಗೂ ಧೈವತ, ಷಡ್ಜ, ಅಂತರ ಗಾಂಧಾರಗಳ ಕಾರ್ಡಿಗೂ ಎರಡು ಸ್ವರಗಳು ಸಮಾನವಾದ್ದರಿಂದ ಹಾಡಿನ ಸ್ವರ ಎರಡಕ್ಕೂ ಹೊಂದಿಕೊಳ್ಳುತ್ತದೆ. ಯಾವುದೆಂದು ಹೇಳುವುದು ಬೇಸ್ ಸ್ವರ ಮಾತ್ರ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಕಾರ್ಡ್ ಪಟ್ಟಿಗಳನ್ನು ಯಾರೋ ಒಬ್ಬರು ತಮ್ಮ ಅನುಕೂಲಕ್ಕೆ ಸರಳಗೊಳಿಸಿರುತ್ತಾರೆ, ಅವನ್ನು ಆರಂಭಕ್ಕೆ ಬಳಸಬಹುದೇ ಹೊರತು ಪ್ರಮಾಣವೆಂದು ಒಪ್ಪಬಾರದು. ಕಾಲೇಜು ಬ್ಯಾಂಡುಗಳು ಗಿಟಾರ್ ಹಿಡಿದ ಮೊದಲ ವಾರವೇ ಕಲಿಯುವ, ಡೀಪ್ ಪರ್ಪಲ್ ಎಂಬ ಬ್ರಿಟಿಷ್ ರಾಕ್ ತಂಡದ 1972ರ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಆರಂಭವೇ ಪ್ರಪಂಚದಾದ್ಯಂತ ತಪ್ಪಾಗಿ ನುಡಿಸಲಾಗುವ ತುಣುಕು. ಹೆಚ್ಚಿನವರು ಮುಖ್ಯ ಸ್ವರವನ್ನು ಕೆಳಗೆ, ಅದರ ಪಂಚಮವನ್ನು ಮೇಲೆ ಇಟ್ಟು ಪವರ್ ಕಾರ್ಡ್ ಆಗಿ ಪಿಕ್‌ನಿಂದ ಬಾರಿಸುತ್ತಾರೆ. ಆ ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ನುಡಿಸಿದ್ದು ತಿರುಗಿಸಿ: ಪಂಚಮ ಕೆಳಗೆ, ಮುಖ್ಯ ಸ್ವರ ಮೇಲೆ, ನಾಲ್ಕನೆಯ ಮತ್ತು ಮೂರನೆಯ ತಂತಿಗಳನ್ನು ಬೆರಳುಗಳಿಂದ ಒಟ್ಟಿಗೆ ಮೀಟಿ. ಸ್ವರಗಳ ಹೆಸರು ಅವೇ ಆದರೂ ನಾದ ಬೇರೆಯಾಗುತ್ತದೆ. ಆದುದರಿಂದ ಸ್ವರ ಯಾವುದೆಂದು ಕೇಳುವುದರ ಜೊತೆಗೆ ಅದು ಯಾವ ಸ್ಥಾಯಿಯಲ್ಲಿದೆ, ಯಾವ ತಂತಿಯ ಮೇಲಿದೆ, ಹೇಗೆ ಮೀಟಿದ್ದಾರೆ ಎಂಬುದನ್ನೂ ಕೇಳಬೇಕು.

ಸಾಹಿತ್ಯವನ್ನು ಕಿವಿಯಿಂದ ಬರೆದುಕೊಳ್ಳದೆ ಕವಿಯ ಸಂಕಲನದಿಂದಲೇ ತೆಗೆದುಕೊಳ್ಳಿ. ಕುವೆಂಪು, ಜಿ. ಎಸ್. ಶಿವರುದ್ರಪ್ಪನವರಂಥ ನಮ್ಮ ಜಿಲ್ಲೆಯವರೇ ಆದ ಕವಿಗಳ ಪುಸ್ತಕಗಳು ಇಲ್ಲಿಯ ಗ್ರಂಥಾಲಯಗಳಲ್ಲಿ ಸುಲಭವಾಗಿ ಸಿಗುತ್ತವೆ. ಹಾಡುವಾಗ ಬಿಟ್ಟಿರುವ ಚರಣಗಳನ್ನು ಓದಿದರೆ, ಹಾಡುತ್ತಿರುವ ಚರಣದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದೂ ಸ್ಪಷ್ಟವಾಗುತ್ತದೆ.

ಮೂಲವೇ ಒಂದಿಲ್ಲದ ಹಾಡುಗಳು

ದೀಪಾವಳಿಯಲ್ಲಿ ಜ್ಯೋತಿ ಹೊತ್ತು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರ ಪದಗಳಿಗೆ, ಮದುವೆಮನೆಯ ಸೋಬಾನೆಗಳಿಗೆ ಮೇಲಿನ ಕ್ರಮವನ್ನು ಹಾಗೆಯೇ ಅನ್ವಯಿಸಬಾರದು. ತೀರ್ಥಹಳ್ಳಿ ಕಡೆಯ ಧಾಟಿ ಸೊರಬದ ಕಡೆ ಬೇರೆಯಾಗಿ ಕೇಳಿಸಿದರೆ ಎರಡೂ ಸರಿಯೇ. ಆದರೆ ಇಂಥ ಪದವನ್ನು ವೇದಿಕೆಗೆ ತಂದ ತಂಡಗಳು ಸಾಮಾನ್ಯವಾಗಿ ಯಾವುದೋ ಸ್ಟುಡಿಯೊದಲ್ಲಿ ಕೀಬೋರ್ಡಿಗೆ ಹೊಂದಿಸಿದ ರೂಪವನ್ನೇ ಜಾನಪದದ ಮೂಲವೆಂದು ಭಾವಿಸಿರುತ್ತವೆ, ಅದು ಸರಿಯಲ್ಲ. ಪದ ಹೇಳುವವರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರ ಬಳಿಗೆ ಹೋಗಿ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡು, ಯಾವ ಊರಿನ ಧಾಟಿಯೆಂದು ಬರೆದಿಟ್ಟುಕೊಂಡು, ವೇದಿಕೆಯಲ್ಲಿಯೂ ಹಾಗೆಂದು ಹೇಳಿ ಹಾಡುವುದು ಸರಿಯಾದ ಕ್ರಮ.

ತಿದ್ದುವುದು

ಸಿಕ್ಕಿದ ವ್ಯತ್ಯಾಸಗಳೆಲ್ಲವನ್ನೂ ತಿದ್ದಬೇಕಾಗಿಲ್ಲ. ಗಾಯಕಿಯ ಕಂಠಕ್ಕೆಂದು ಶ್ರುತಿ ಇಳಿಸಿದ್ದು, ಪಿಟೀಲು ನುಡಿಸುವವರಿಲ್ಲವೆಂದು ಆ ಭಾಗವನ್ನು ಕೊಳಲಿಗೆ ಕೊಟ್ಟಿದ್ದು ತಿಳಿದು ಮಾಡಿದ ಹೊಂದಾಣಿಕೆಗಳು, ಅವು ಉಳಿಯಲಿ. ತಿಳಿಯದೆ ಆದದ್ದನ್ನು ಮಾತ್ರ ತಿದ್ದಿ, ಅದರಲ್ಲಿಯೂ ಎತ್ತುಗಡೆ ಮತ್ತು ತಾಳವನ್ನು ಮೊದಲು, ಸ್ವರವನ್ನು ಆಮೇಲೆ, ಕಾರ್ಡ್‌ಗಳನ್ನು ಕೊನೆಗೆ ಎತ್ತಿಕೊಳ್ಳಿ. ತಾಳ ಸರಿಯಾಗುವ ತನಕ ಉಳಿದ ತಿದ್ದುಪಡಿಗಳು ನಿಲ್ಲುವುದಿಲ್ಲ.

ತಂಡದ ಹಿರಿಯರಿಗೆ ಹೇಳುವುದು ಕಿರಿಯರಿಗೆ ಕಷ್ಟದ ಕೆಲಸ. ಎಲ್ಲರೆದುರು ‘ನೀವು ತಪ್ಪು ನುಡಿಸುತ್ತಿದ್ದೀರಿ’ ಎನ್ನುವುದಕ್ಕಿಂತ, ‘ಮೇಷ್ಟ್ರೇ, ಎರಡನೇ ಚರಣಾನ ಒಂದ್ಸಲ ಒರಿಜಿನಲ್ ಹಾಕ್ಕೊಂಡು ಕೇಳೋಣ್ವಾ, ನಂಗೊಂದು ಅನುಮಾನ ಇದೆ’ ಎಂದು ಕೇಳಿದರೆ ಇಬ್ಬರೂ ಒಟ್ಟಿಗೆ ಕೇಳುವ ಅವಕಾಶವಾಗುತ್ತದೆ. ಕಿವಿಯಿಂದಲೇ ಬದುಕಿದ ಹಿರಿಯರಿಗೆ ಕೇಳಿಸಿದ ಮೇಲೆ ವಾದದ ಅಗತ್ಯ ಬೀಳುವುದಿಲ್ಲ.

ಅಭ್ಯಾಸದಲ್ಲಿ ಇಡೀ ಹಾಡನ್ನು ಮತ್ತೆ ಮತ್ತೆ ನುಡಿಸುವುದರಿಂದ ಹಳೆಯ ರೂಪವೇ ಗಟ್ಟಿಯಾಗುತ್ತದೆ. ತಿದ್ದಿದ ಜಾಗದ ಹಿಂದಿನ ಒಂದು ಸಾಲು, ಮುಂದಿನ ಒಂದು ಸಾಲು ಸೇರಿಸಿಕೊಂಡು ಅಷ್ಟನ್ನೇ ನಿಧಾನವಾಗಿ ಕೂರಿಸಿ, ವೇಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ. ತಿದ್ದಿದ ದಿನಾಂಕ, ಶ್ರುತಿ, ಆಧಾರವಾಗಿಟ್ಟುಕೊಂಡ ಧ್ವನಿಮುದ್ರಣ ಯಾವುದೆಂಬುದನ್ನು ತಂಡದ ಪುಸ್ತಕದಲ್ಲಿ ಬರೆದಿಡಿ, ಪೆನ್ ಡ್ರೈವಿನಲ್ಲಿರುವ ಹಳೆಯ ಟ್ರ್ಯಾಕನ್ನು ತೆಗೆದುಹಾಕಿ. ಪುಸ್ತಕದಲ್ಲಿ ಸರಿಯಾಗಿ ಬರೆದಿದ್ದರೂ ಪೆನ್ ಡ್ರೈವಿನಲ್ಲಿ ಹಳೆಯ ಟ್ರ್ಯಾಕೇ ಉಳಿದಿದ್ದರೆ ಜಾತ್ರೆಯ ರಾತ್ರಿ ವೇದಿಕೆಯಲ್ಲಿ ಮೊಳಗುವುದು ಅದೇ.

ಇಷ್ಟಾದರೂ ಮೊದಲ ಒಂದೆರಡು ಕಾರ್ಯಕ್ರಮಗಳಲ್ಲಿ ಯಾರಾದರೊಬ್ಬರು ಹಳೆಯ ದಾರಿಗೆ ಹೊರಳುವುದು ಸಹಜ. ಹಾಗಾದಾಗ ವೇದಿಕೆಯ ಮೇಲೆ ಸರಿ ತಪ್ಪುಗಳ ನಿರ್ಣಯಕ್ಕೆ ಹೋಗಬಾರದು. ಗಾಯಕರು ಹಳೆಯ ರೂಪದಲ್ಲಿ ಎತ್ತಿಕೊಂಡರೆ ತಬಲಾ, ಬೇಸ್, ಕೀಬೋರ್ಡ್ ಎಲ್ಲವೂ ಆ ಹಾಡು ಮುಗಿಯುವವರೆಗೆ ಅವರ ಜೊತೆಗೇ ಹೋಗಬೇಕು. ತಿದ್ದುವ ಕೆಲಸವನ್ನು ಮುಂದಿನ ಅಭ್ಯಾಸಕ್ಕೆ ಇಟ್ಟುಕೊಳ್ಳಬೇಕು.